ಕರೆಂಟಿನ ಲೆಕ್ಕ ಹಾಕುವವರು ಬೇಕಾಗಿದ್ದಾರೆ

ಅಮೆರಿಕದ ಮಧ್ಯ-ಪಶ್ಚಿಮ ಭಾಗದಲ್ಲಿ 1962ರ ಫೆಬ್ರುವರಿಯಲ್ಲಿ ಇದ್ದ ವಿದ್ಯುತ್ ಜಾಲದ ಒಂದು ತುಣುಕಿಗೆ ಇನ್ನೂ ನಿವೃತ್ತಿ ಸಿಕ್ಕಿಲ್ಲ. ಆಗಿನ ತಂತಿ, ಟ್ರಾನ್ಸ್‌ಫಾರ್ಮರುಗಳು ಗುಜರಿ ಸೇರಿ ಎಷ್ಟೋ ಕಾಲವಾಗಿರಬೇಕು. ಅವುಗಳ ಅಂಕಿ-ಅಂಶ ಮಾತ್ರ ‘ಐಇಇಇ 14 ಬಸ್’ (ಬಸ್ ಎಂದರೆ ಜಾಲದ ತಂತಿಗಳು ಕೂಡುವ ಬಿಂದು) ಎಂಬ ಹೆಸರಿನಲ್ಲಿ, ಸುರತ್ಕಲ್‌ನಿಂದ ಸ್ಟಾಕ್‌ಹೋಮ್‌ವರೆಗೆ, ವಿದ್ಯುತ್ ವಿಷಯದಲ್ಲಿ ಪಿಎಚ್‌.ಡಿ ಮಾಡುವವರ ಲ್ಯಾಪ್‌ಟಾಪುಗಳಲ್ಲಿ ಓಡುತ್ತಲೇ ಇದೆ. ಅದೇ ವರ್ಷದ ಡಿಸೆಂಬರಿನ ದೊಡ್ಡ ನಕಾಶೆ ‘118 ಬಸ್’. ಹೊಸ ನ್ಯೂರಲ್ ನೆಟ್‌ವರ್ಕ್ ಕಟ್ಟಿದವರು, ಹೊಸ ಆಲ್ಗರಿದಂ ಬರೆದವರು ಎಲ್ಲರೂ ಮೊದಲು ಹಾಜರಿ ಹಾಕುವುದು ಈ ಹಿರಿಯ ಮೇಷ್ಟ್ರುಗಳ ಮುಂದೆಯೇ.

ಈ ಕ್ಷೇತ್ರದ ಮೂಲ ಪ್ರಶ್ನೆ ಗಣಿತದ ರೂಪ ತಾಳಿದ್ದೂ ಅದೇ 1962ರಲ್ಲಿ. ಫ್ರಾನ್ಸಿನ ವಿದ್ಯುತ್ ಸಂಸ್ಥೆ ಇಡಿಎಫ್‌ನಲ್ಲಿದ್ದ ಕಾರ್ಪಾಂತಿಯೆ ಎಂಬುವರು ಕೇಳಿದ್ದು ಇಷ್ಟೇ: ಯಾವ ಸ್ಥಾವರ ಎಷ್ಟು ವಿದ್ಯುತ್ ತಯಾರಿಸಿದರೆ ಒಟ್ಟು ಖರ್ಚು ಅತಿ ಕಡಿಮೆಯಾಗುತ್ತದೆ? ಷರತ್ತುಗಳು ಎರಡು. ಯಾವ ತಂತಿಯೂ ಮಿತಿಮೀರಿ ಬಿಸಿಯಾಗಬಾರದು, ಎಲ್ಲೂ ವೋಲ್ಟೇಜ್ ಗೆರೆ ದಾಟಬಾರದು. ಕೇಳಲು ಕಿರಾಣಿ ಅಂಗಡಿಯ ಲೆಕ್ಕದ ಹಾಗಿದ್ದರೂ ಒಳಗೆ ಸೈನ್, ಕೊಸೈನ್‌ಗಳ ಗೊಂಡಾರಣ್ಯವಿದೆ. ಪರ್ಯಾಯ ವಿದ್ಯುತ್ ತಾನು ಹೋಗಬೇಕಾದ ದಾರಿಯನ್ನು ತಾನೇ ಆರಿಸಿಕೊಳ್ಳುತ್ತದೆ. ‘ಈ ತಂತಿಯಲ್ಲಿ ಇಷ್ಟೇ ಹೋಗು’ ಎಂದು ಅದಕ್ಕೆ ಯಾರೂ ಹೇಳುವಂತಿಲ್ಲ. ಕವಲುಗಳು ಮಾತ್ರವಿದ್ದು ಎಲ್ಲೂ ಸುತ್ತು ಇಲ್ಲದ ಸರಳ ಜಾಲದಲ್ಲಿಯೂ ಈ ಸಮೀಕರಣಗಳಿಗೆ ಹೊಂದುವ ಉತ್ತರ ಇದೆಯೋ ಇಲ್ಲವೋ ಎಂದು ಹೇಳುವುದೇ ‘ಎನ್‌ಪಿ-ಹಾರ್ಡ್’, ಅಂದರೆ ಸಾಮಾನ್ಯ ರೂಪದಲ್ಲಿ ಯಾವ ಕಂಪ್ಯೂಟರಿಗೂ ಸುಲಭಕ್ಕೆ ಬಗ್ಗದ್ದು ಎಂದು ಲೇಮನ್, ಗ್ರಾಸ್ಟಿಯನ್ ಮತ್ತು ವಾನ್ ಹೆಂಟೆನ್‌ರಿಕ್ ತೋರಿಸಿದ್ದು 2016ರಲ್ಲಿ.

ಇಷ್ಟು ಹಳೆಯ ಪ್ರಶ್ನೆಯ ಸುತ್ತ ಈಗ ಸಂಶೋಧನಾ ಹುದ್ದೆಗಳು ಹುಟ್ಟುತ್ತಿವೆ. ಡೆನ್ಮಾರ್ಕ್, ನೆದರ್‌ಲೆಂಡ್ಸ್, ಜರ್ಮನಿ, ಸ್ವೀಡನ್‌ಗಳ ವಿಶ್ವವಿದ್ಯಾಲಯಗಳು ಪಿಎಚ್‌.ಡಿ ಮತ್ತು ಪೋಸ್ಟ್‌ಡಾಕ್ ಹುದ್ದೆಗಳಿಗೆ ಹೊರಡಿಸುವ ಪ್ರಕಟಣೆಗಳಲ್ಲಿ ಆಲ್ಗರಿದಂ, ಮಷಿನ್ ಲರ್ನಿಂಗ್, ಇಂಧನ ವ್ಯವಸ್ಥೆ ಎಂಬ ಮೂರು ಹೆಸರುಗಳು ಒಂದೇ ಸಾಲಿನಲ್ಲಿ ಬರುವುದು ಮಾಮೂಲಿಯಾಗಿದೆ. ಕಾರಣ ಆಕಾಶದಲ್ಲಿದೆ. ಕಲ್ಲಿದ್ದಲು ಸ್ಥಾವರ ಹೇಳಿದಷ್ಟು ಕೊಡುತ್ತದೆ. ಸೂರ್ಯ ಮತ್ತು ಗಾಳಿ ತಮಗೆ ತೋಚಿದಷ್ಟು ಕೊಡುತ್ತವೆ. ದಿನಕ್ಕೊಮ್ಮೆ ಕೂತು ಹಾಕುತ್ತಿದ್ದ ಲೆಕ್ಕವನ್ನು ಈಗ ಕಾಲುಗಂಟೆಗೊಮ್ಮೆ, ಕೆಲವೆಡೆ ಐದು ನಿಮಿಷಕ್ಕೊಮ್ಮೆ ಹಾಕಬೇಕು. ಅದೂ ಒಂದು ಹವಾಮಾನಕ್ಕಲ್ಲ, ಸಾಧ್ಯವಿರುವ ನೂರಾರು ಹವಾಮಾನಗಳಿಗೆ.

ಆ ಪ್ರಕಟಣೆಗಳಲ್ಲಿ ಒಂದು ವಿಚಿತ್ರವಿದೆ. ಆಪ್ಟಿಮೈಸೇಶನ್ ಗಣಿತ ಗೊತ್ತಿರಬೇಕು, ಪೈಥಾನ್ ಅಥವಾ ಜೂಲಿಯಾದಲ್ಲಿ ಕೋಡ್ ಬರೆಯಲು ಬರಬೇಕು, ಡೀಪ್ ಲರ್ನಿಂಗ್ ಅನುಭವವಿರಬೇಕು ಎಂದೆಲ್ಲ ಕಡ್ಡಾಯ ಪಟ್ಟಿ ಬೆಳೆಯುತ್ತದೆ. ಕೊನೆಯ ಸಾಲಿನಲ್ಲಿ ವಿದ್ಯುತ್ ವ್ಯವಸ್ಥೆಯ ಪರಿಚಯ ‘ಇದ್ದರೆ ಒಳ್ಳೆಯದು’. ಇದು ತಿರುವು-ಮುರುವು. ಈ ಕ್ಷೇತ್ರದಲ್ಲಿ ಮಾಡೆಲ್ ತರಬೇತಿ ಮಾಡಬಲ್ಲವರಿಗೆ ಬರವಿಲ್ಲ. ಮಾಡೆಲ್ ಕೊಟ್ಟ ಉತ್ತರ ಕಿರ್ಕಾಫ್‌ನ ನಿಯಮಕ್ಕೆ ಒಪ್ಪುತ್ತದೆಯೇ ಎಂದು ನೋಡಿದೊಡನೆ ಅನುಮಾನ ಪಡುವವರಿಗೆ ಬರವಿದೆ.

ವಿದ್ಯುತ್ ಎಂಜಿನಿಯರರು ಆಲ್ಗರಿದಂ ಲೋಕಕ್ಕೆ ಹೊಸಬರಲ್ಲ, ಸಾಲ ಕೊಟ್ಟವರು. ಅಮೆರಿಕದ ವಾಯವ್ಯ ಮೂಲೆಯ ಜಲವಿದ್ಯುತ್ ಮಾರುವ ಸರ್ಕಾರಿ ಸಂಸ್ಥೆ ಬಾನ್‌ವಿಲ್ ಪವರ್ ಅಡ್ಮಿನಿಸ್ಟ್ರೇಶನ್‌ನಲ್ಲಿ ವಿಲಿಯಂ ಟಿನ್ನಿ ಎಂಬ ಎಂಜಿನಿಯರ್ ಇದ್ದರು. ಜಾಲದ ಸಮೀಕರಣಗಳನ್ನು ಮ್ಯಾಟ್ರಿಕ್ಸ್ ಆಗಿ ಬರೆದರೆ ಅದರ ತುಂಬ ಸೊನ್ನೆಗಳೇ, ಏಕೆಂದರೆ ಒಂದು ಸಬ್‌ಸ್ಟೇಷನ್ನಿಗೆ ಎರಡು-ಮೂರು ನೆರೆಹೊರೆಯವರಷ್ಟೇ ಇರುತ್ತಾರೆ. ಆದರೆ ಚರಾಕ್ಷರಗಳನ್ನು ಒಂದೊಂದಾಗಿ ತೆಗೆದುಹಾಕುತ್ತ ಬಿಡಿಸಲು ಹೊರಟರೆ ಸೊನ್ನೆಗಳ ಜಾಗದಲ್ಲಿ ಅಂಕಿಗಳು ತುಂಬಿಕೊಂಡು ಅಂದಿನ ಪುಟ್ಟ ಕಂಪ್ಯೂಟರುಗಳ ಮೆಮೊರಿ ಉಕ್ಕಿ ಹರಿಯುತ್ತಿತ್ತು. ಯಾವುದನ್ನು ಮೊದಲು ತೆಗೆಯಬೇಕು ಎಂಬ ಕ್ರಮವನ್ನು ಜಾಣತನದಿಂದ ಆರಿಸಿಕೊಂಡರೆ ಸೊನ್ನೆಗಳು ಉಳಿಯುತ್ತವೆ ಎಂದು ಟಿನ್ನಿ ಮತ್ತು ವಾಕರ್ 1967ರಲ್ಲಿ ತೋರಿಸಿದರು. ಅದೇ ವರ್ಷ ಟಿನ್ನಿ ಮತ್ತು ಹಾರ್ಟ್ ನ್ಯೂಟನ್ ವಿಧಾನದಿಂದ ವಿದ್ಯುತ್ ಹರಿವನ್ನು ಲೆಕ್ಕ ಹಾಕಿದರು. ಆ ಸೊನ್ನೆ ಉಳಿಸುವ ಉಪಾಯದ ವಂಶಸ್ಥರು ಇಂದು ಸೇತುವೆಯ ವಿನ್ಯಾಸದಿಂದ ವಿಮಾನದ ರೆಕ್ಕೆಯವರೆಗಿನ ಲೆಕ್ಕಗಳಲ್ಲಿ ಇದ್ದಾರೆ. ಟಿನ್ನಿ ಪ್ರಾಧ್ಯಾಪಕರಾಗಿರಲಿಲ್ಲ, ಸಂಬಳಕ್ಕೆ ಕರೆಂಟ್ ಹರಿಸುವ ಸಂಸ್ಥೆಯ ನೌಕರರಾಗಿದ್ದರು.

ಇನ್ನೊಂದು ತಿರುವು ಬಂದದ್ದು ‘ಯಾವ ಸ್ಥಾವರವನ್ನು ಯಾವಾಗ ಹಚ್ಚಬೇಕು, ಯಾವಾಗ ಆರಿಸಬೇಕು’ ಎಂಬ ಪ್ರಶ್ನೆಯಲ್ಲಿ. ರಾಯಚೂರಿನ ಶಾಖೋತ್ಪನ್ನ ಘಟಕವನ್ನು ಬಲ್ಬಿನ ಹಾಗೆ ಸ್ವಿಚ್ ಒತ್ತಿ ಹಚ್ಚಲಾಗುವುದಿಲ್ಲ. ಬಾಯ್ಲರ್ ಕಾಯಲು ಗಂಟೆಗಳು ಬೇಕು, ಒಮ್ಮೆ ಹಚ್ಚಿದ ಮೇಲೆ ತೀರ ಕೆಳಮಟ್ಟಕ್ಕೆ ಇಳಿಸಲೂ ಆಗದು. ನೂರು ಘಟಕ, ಇಪ್ಪತ್ತನಾಲ್ಕು ಗಂಟೆ ಎಂದರೆ ಎರಡರ 2400ನೇ ಘಾತದಷ್ಟು ಸಾಧ್ಯತೆಗಳು. ದಶಕಗಳ ಕಾಲ ಇದನ್ನು ಅಂದಾಜಿನ ವಿಧಾನಗಳಿಂದ ನಿಭಾಯಿಸಿದರು. 2000ದ ದಶಕದಲ್ಲಿ ಅಮೆರಿಕದ ಗ್ರಿಡ್ ನಿರ್ವಾಹಕರು ಒಬ್ಬರಾದ ಮೇಲೊಬ್ಬರು, ಇಂಥ ಹಚ್ಚು-ಆರಿಸು ನಿರ್ಧಾರಗಳನ್ನು ನೇರವಾಗಿ ಲೆಕ್ಕಕ್ಕಿಳಿಸುವ ಪೂರ್ಣಾಂಕ ಪ್ರೋಗ್ರಾಮಿಂಗ್‌ಗೆ ಬದಲಾದರು. ಅವರಲ್ಲೊಂದಾದ ಮಿಡ್‌ವೆಸ್ಟ್ ಐಎಸ್‌ಒ ಇಂಥ ಲೆಕ್ಕಾಚಾರಗಳ ನೆರವಿನಿಂದ 2007ರಿಂದ 2010ರ ನಡುವೆ 210 ಕೋಟಿಯಿಂದ 300 ಕೋಟಿ ಡಾಲರ್ ಉಳಿಸಿತು ಎಂಬ ಲೆಕ್ಕಕ್ಕೆ 2011ರಲ್ಲಿ ಫ್ರಾಂಜ್ ಎಡೆಲ್‌ಮನ್ ಪ್ರಶಸ್ತಿ ಬಂತು. ಹೊಸ ಸ್ಥಾವರ ಕಟ್ಟಿ ಉಳಿಸಿದ ಹಣವಲ್ಲ ಅದು, ಇದ್ದ ವ್ಯವಸ್ಥೆಯನ್ನು ಜಾಣತನದಿಂದ ಬಳಸಿ ಉಳಿಸಿದ್ದು.

ಮಷಿನ್ ಲರ್ನಿಂಗ್‌ನ ಪ್ರವೇಶ ಇದಾದ ಮೇಲಿನದು, ಮತ್ತು ತುಸು ಸದ್ದಿನದು. 2016ರಲ್ಲಿ ಗೂಗಲ್ ತನ್ನ ಡೇಟಾ ಸೆಂಟರಿನ ತಂಪುಗೊಳಿಸುವ ವಿದ್ಯುತ್ತನ್ನು ತನ್ನದೇ ಎಐ ಸಂಸ್ಥೆ ಡೀಪ್‌ಮೈಂಡ್ ಶೇ 40ರಷ್ಟು ಇಳಿಸಿತು ಎಂದು ಸಾರಿತು. 2019ರಲ್ಲಿ ಅಮೆರಿಕದ 700 ಮೆಗಾವಾಟ್ ಪವನ ವಿದ್ಯುತ್ತಿನ ಉತ್ಪಾದನೆಯನ್ನು 36 ಗಂಟೆ ಮುಂಚೆ ಊಹಿಸಿ ಅದರ ಮೌಲ್ಯವನ್ನು ಸುಮಾರು ಶೇ 20 ಹೆಚ್ಚಿಸಿದ ಸುದ್ದಿ ಬಂತು. ಅಲ್ಲಿಂದಾಚೆ ಸೌರ ಮುನ್ಸೂಚನೆಯ ಪ್ರಬಂಧಗಳದ್ದೇ ಸುಗ್ಗಿ. ಒಂದು ನಗರದ ಬಿಸಿಲಿನ ದತ್ತಾಂಶ, ಎಲ್‌ಎಸ್‌ಟಿಎಂ ಎಂಬ ಬಗೆಯ ಒಂದು ನ್ಯೂರಲ್ ನೆಟ್‌ವರ್ಕ್, ಹಿಂದಿನವರಿಗಿಂತ ಸ್ವಲ್ಪ ಕಡಿಮೆ ದೋಷ, ಪದವಿ. ಇಂಥ ಪ್ರಬಂಧಗಳಲ್ಲಿ ಹೆಚ್ಚಿನವನ್ನು, ಗ್ರಿಡ್ ನಡೆಸುವ ಯಾವ ಲೋಡ್ ಡಿಸ್ಪ್ಯಾಚ್ ಸೆಂಟರಿನ ಶಿಫ್ಟ್ ಎಂಜಿನಿಯರೂ ಓದಲಾರ. ಓದಬೇಕಾದ ಅಗತ್ಯವೂ ಅವನಿಗೆ ಕಾಣದು.

ಏಕೆ ಎಂಬುದನ್ನು ಚೆನ್ನಾಗಿ ಬಿಡಿಸಿಟ್ಟವರಲ್ಲಿ ಪ್ರಿಯಾ ಡೊಂಟಿ ಒಬ್ಬರು. ಕಾರ್ನೆಗಿ ಮೆಲಾನ್ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ವಿಜ್ಞಾನ ಮತ್ತು ಸಾರ್ವಜನಿಕ ನೀತಿ ಎರಡರಲ್ಲೂ ಕಾಲಿಟ್ಟು ಪಿಎಚ್‌.ಡಿ ಮಾಡಿ, ಈಗ ಎಂಐಟಿಯಲ್ಲಿ ಪಾಠ ಹೇಳುವ ಅವರು, ಹವಾಮಾನ ಬದಲಾವಣೆಯನ್ನು ಎದುರಿಸಲು ಮಷಿನ್ ಲರ್ನಿಂಗ್ ಎಲ್ಲೆಲ್ಲಿ ಉಪಯೋಗಕ್ಕೆ ಬಂದೀತೆಂದು 2019ರಲ್ಲಿ ಡೇವಿಡ್ ರಾಲ್ನಿಕ್ ಮತ್ತಿತರರೊಡನೆ ಬರೆದ ದೀರ್ಘ ಸಮೀಕ್ಷೆಯಿಂದ ಹೆಸರಾದವರು. ಸಹಸಂಶೋಧಕರೊಡನೆ ಅವರು 2017ರಲ್ಲಿ ಮುಂದಿಟ್ಟ ವಾದ ಸರಳವಾಗಿತ್ತು: ಮುನ್ಸೂಚನೆಯ ದೋಷವನ್ನು ಕಡಿಮೆ ಮಾಡುವುದು ಗುರಿಯಲ್ಲ, ಆ ಮುನ್ಸೂಚನೆ ನಂಬಿ ತೆಗೆದುಕೊಂಡ ನಿರ್ಧಾರದ ನಷ್ಟವನ್ನು ಕಡಿಮೆ ಮಾಡುವುದು ಗುರಿ. ಬೇಡಿಕೆಯನ್ನು 100 ಮೆಗಾವಾಟ್ ಹೆಚ್ಚಾಗಿ ಊಹಿಸಿದರೆ ಒಂದಿಷ್ಟು ಕಲ್ಲಿದ್ದಲು ವ್ಯರ್ಥ. ಅಷ್ಟನ್ನೇ ಕಡಿಮೆ ಊಹಿಸಿದರೆ ಒಂದು ಪಟ್ಟಣ ಕತ್ತಲಲ್ಲಿ. ಎರಡೂ ತಪ್ಪುಗಳಿಗೆ ಒಂದೇ ಅಂಕ ಕೊಡುವ ಪರೀಕ್ಷಕನನ್ನು ಗ್ರಿಡ್ ಒಪ್ಪುವುದಿಲ್ಲ.

ಇದರ ಮುಂದಿನ ಹೆಜ್ಜೆ ಇನ್ನೂ ಸ್ವಾರಸ್ಯಕರ. ಕಾರ್ಪಾಂತಿಯೆಯ ಲೆಕ್ಕವನ್ನು ಸಾವಿರಾರು ಸಲ ಬಿಡಿಸಿ, ಆ ಉತ್ತರಗಳನ್ನು ತೋರಿಸಿ ನ್ಯೂರಲ್ ನೆಟ್‌ವರ್ಕ್ ಒಂದನ್ನು ಪಳಗಿಸಿದರೆ ಅದು ಮುಂದಿನ ಉತ್ತರವನ್ನು ಕಣ್ಣುಮುಚ್ಚಿ ತೆರೆಯುವುದರೊಳಗೆ ಹೇಳುತ್ತದೆ. ಆದರೆ ಆ ಉತ್ತರ ಸರಿಯ ಹತ್ತಿರ ಇರುತ್ತದೆ, ಸರಿಯಾಗಿರುವುದಿಲ್ಲ. ಒಂದು ಕಡೆ ಹುಟ್ಟಿದ ವಿದ್ಯುತ್ತಿಗೂ ಇನ್ನೊಂದು ಕಡೆ ಖರ್ಚಾದದ್ದಕ್ಕೂ ತಾಳೆಯಾಗುವುದಿಲ್ಲ. ಬೆಕ್ಕಿನ ಚಿತ್ರ ಗುರುತಿಸುವಲ್ಲಿ ಶೇ 99 ಬಂದರೆ ಹಬ್ಬ. ಇಲ್ಲಿ ಉಳಿದ ಶೇ 1 ತಂತಿ ಕರಗಿಸುತ್ತದೆ. ಡೊಂಟಿ, ರಾಲ್ನಿಕ್ ಮತ್ತು ಜಿಕೋ ಕೋಲ್ಟರ್ 2021ರಲ್ಲಿ ಮಂಡಿಸಿದ ‘ಡಿಸಿ3’ ವಿಧಾನದಲ್ಲಿ ನೆಟ್‌ವರ್ಕ್ ಉತ್ತರದ ಒಂದು ಭಾಗವನ್ನಷ್ಟೇ ಊಹಿಸುತ್ತದೆ. ಉಳಿದದ್ದನ್ನು ಭೌತವಿಜ್ಞಾನದ ಸಮೀಕರಣವೇ ಭರ್ತಿ ಮಾಡುತ್ತದೆ. ಮಿತಿ ಮೀರಿದ್ದನ್ನು ಆಮೇಲೆ ತಿದ್ದಲಾಗುತ್ತದೆ. ಕಲಿಕೆ ಮತ್ತು ಗಣಿತದ ಈ ಪಾಲುದಾರಿಕೆಯೇ ಈಗಿನ ಪಿಎಚ್‌.ಡಿ ಪ್ರಸ್ತಾವಗಳ ಮುಖ್ಯ ಬಂಡವಾಳ. ಜಾರ್ಜಿಯಾ ಟೆಕ್‌ನಲ್ಲಿ 2021ರಲ್ಲಿ ಹುಟ್ಟಿದ ‘ಎಐ4ಆಪ್ಟ್’ ಸಂಸ್ಥೆಗೆ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ಐದು ವರ್ಷಕ್ಕೆ 2 ಕೋಟಿ ಡಾಲರ್ ಕೊಟ್ಟದ್ದು ಇದೇ ನಂಬಿಕೆಯ ಮೇಲೆ. ಅದರ ಮುಖ್ಯಸ್ಥರು ಮೇಲೆ ಹೇಳಿದ ವಾನ್ ಹೆಂಟೆನ್‌ರಿಕ್.

ಬೇರೆ ಕ್ಷೇತ್ರದಿಂದ ಬಂದವರೇ ಇಲ್ಲಿ ದೊಡ್ಡ ಕೆಲಸ ಮಾಡಿದ ಉದಾಹರಣೆಗಳಿವೆ. ಕ್ಯಾಲ್‌ಟೆಕ್‌ನ ಸ್ಟೀವನ್ ಲೋ ಇಂಟರ್‌ನೆಟ್ ದಟ್ಟಣೆಯ ಆಲ್ಗರಿದಂಗಳಿಗೆ ಹೆಸರಾಗಿದ್ದವರು. ಜಾವದ್ ಲವಾಯಿ ಜೊತೆ 2012ರಲ್ಲಿ ಅವರು ಪ್ರಕಟಿಸಿದ ಪ್ರಬಂಧ, ಕಾರ್ಪಾಂತಿಯೆಯ ವಕ್ರ ಸಮಸ್ಯೆಯನ್ನು ಕೆಲವು ಸಂದರ್ಭಗಳಲ್ಲಿ ನೇರ ಮಾಡಿ ಬಿಡಿಸಬಹುದು, ಉತ್ತರ ನಿಜಕ್ಕೂ ಅತ್ಯುತ್ತಮವೆಂದು ಸಾಬೀತುಪಡಿಸಲೂಬಹುದು ಎಂದು ತೋರಿಸಿ ಒಂದು ತಲೆಮಾರಿನ ಸಂಶೋಧಕರನ್ನು ಈ ಕಡೆ ಎಳೆಯಿತು. ಆಮೇಲೆ ಲೋ ಗುಂಪು ತಮ್ಮದೇ ಕ್ಯಾಂಪಸ್ಸಿನ ಕಾರು ನಿಲ್ದಾಣದಲ್ಲಿ 50ಕ್ಕೂ ಹೆಚ್ಚು ಚಾರ್ಜರ್ ಹೂಡಿ, ಯಾವ ಕಾರಿಗೆ ಯಾವಾಗ ಎಷ್ಟು ಕರೆಂಟ್ ಎಂಬುದನ್ನು ಆಲ್ಗರಿದಂ ಕೈಗೆ ಕೊಟ್ಟಿತು. ಅಲ್ಲಿನ ದತ್ತಾಂಶವನ್ನು ಎಲ್ಲರಿಗೂ ತೆರೆದಿಟ್ಟಿತು. ಈ ಕೊನೆಯ ಕೆಲಸವೇ ಬಹುಶಃ ಹೆಚ್ಚು ಬಾಳುವಂಥದ್ದು.

ದತ್ತಾಂಶವೆಂಬುದು ಇಲ್ಲಿ ಚಿನ್ನಕ್ಕಿಂತ ತುಟ್ಟಿ. 1962ರ ನಕಾಶೆಗಳು ಇನ್ನೂ ಚಲಾವಣೆಯಲ್ಲಿರುವುದಕ್ಕೆ ಸಂಶೋಧಕರ ಸೋಮಾರಿತನವಷ್ಟೇ ಕಾರಣವಲ್ಲ. ನಿಜವಾದ ಗ್ರಿಡ್ಡಿನ ವಿವರ ದೇಶದ ಭದ್ರತೆಯ ಗುಟ್ಟು. ಹಾಗಾಗಿ ಟೆಕ್ಸಾಸ್ ಎ ಆ್ಯಂಡ್ ಎಂ ವಿಶ್ವವಿದ್ಯಾಲಯದವರು ಟೆಕ್ಸಾಸಿನ ಭೂಪಟದ ಮೇಲೆ 2000 ಬಸ್‌ಗಳ ಕಾಲ್ಪನಿಕ ಜಾಲವೊಂದನ್ನೇ ಹೆಣೆದರು. ಊರುಗಳು ನಿಜ, ತಂತಿಗಳು ಸುಳ್ಳು. ಫ್ರಾನ್ಸಿನ ಪ್ರಸರಣ ಸಂಸ್ಥೆ ಆರ್‌ಟಿಇ ತನ್ನ ಕಂಟ್ರೋಲ್ ರೂಮಿನ ಕೆಲಸವನ್ನು ಒಂದು ಆಟವಾಗಿಸಿ, ‘ಗ್ರಿಡ್2ಆಪ್’ ಎಂಬ ಮುಕ್ತ ತಂತ್ರಾಂಶ ಕೊಟ್ಟು, ಗ್ರಿಡ್ ನಡೆಸಲು ಕಲಿಯಿರಿ ಎಂದು ಜಗತ್ತಿಗೆ ಪಂದ್ಯ ಕಟ್ಟಿತು. 2020ರ ಪಂದ್ಯಗಳಲ್ಲಿ ಒಂದನ್ನು ಗೆದ್ದದ್ದು ಚೀನಾದ ಬೈದು ಕಂಪನಿಯ ತಂಡ. ಆ ಆಟದ ಅಂಗಣವೂ ಹಳೆಯ 118 ಬಸ್‌ನಿಂದ ಕತ್ತರಿಸಿಕೊಂಡದ್ದೇ.

ಹುದ್ದೆ ಎಂದ ಮೇಲೆ ಸಂಬಳದ ಮಾತು ಬರಲೇಬೇಕು. ನೆದರ್‌ಲೆಂಡ್ಸ್, ಡೆನ್ಮಾರ್ಕ್, ಸ್ವೀಡನ್‌ಗಳಲ್ಲಿ ಪಿಎಚ್‌.ಡಿ ಬಹುತೇಕ ಒಂದು ನೌಕರಿ. ಕರಾರು, ರಜೆ, ಪಿಂಚಣಿ ಕಂತು ಎಲ್ಲ ಇರುತ್ತದೆ. ಯುರೋಪಿನ ಮೇರಿ ಕ್ಯೂರಿ ಡಾಕ್ಟರಲ್ ಜಾಲಗಳಲ್ಲಿ ಅರ್ಜಿದಾರ ಯಾವ ದೇಶದವನಾದರೂ ಆದೀತು. ಕೆಲಸ ಸಿಗುವ ದೇಶದಲ್ಲಿ ಹಿಂದಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಹೆಚ್ಚು ಇದ್ದಿರಬಾರದು ಎಂಬುದೊಂದು ಷರತ್ತು. ಹೀಗಾಗಿ ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಅರ್ಜಿ ಹಾಕುವವರಿಗೆ ಅಲ್ಲೇ ಇರುವವರಿಗಿಂತ ದಾರಿ ತುಸು ಸಲೀಸು. ಜರ್ಮನಿಯ ಕತೆಯಲ್ಲಿ ಕಹಿಯೂ ಇದೆ. ಅಲ್ಲಿನ ಕಾನೂನು ಪಿಎಚ್‌.ಡಿಗೆ ಮುಂಚೆ ಆರು, ನಂತರ ಆರು ವರ್ಷಗಳವರೆಗೆ ತಾತ್ಕಾಲಿಕ ಕರಾರಿಗೆ ಅವಕಾಶ ಕೊಡುತ್ತದೆ. ಅಷ್ಟರಲ್ಲಿ ಕಾಯಂ ಹುದ್ದೆ ಸಿಗದವರು ನಲವತ್ತರ ಆಸುಪಾಸಿನಲ್ಲಿ ವಿಶ್ವವಿದ್ಯಾಲಯದಾಚೆ ಕೆಲಸ ಹುಡುಕಬೇಕು. 2021ರಲ್ಲಿ ‘ನಾನು ಹನ್ನಾ’ ಎಂಬ ಹ್ಯಾಷ್‌ಟ್ಯಾಗ್ ಹಿಡಿದು ಸಾವಿರಾರು ಸಂಶೋಧಕರು ಇದರ ವಿರುದ್ಧ ದನಿ ಎತ್ತಿದರು.

ನಮ್ಮಲ್ಲಿ ಜೆಆರ್‌ಎಫ್ ಶಿಷ್ಯವೇತನ 2023ರ ಜನವರಿಯಿಂದ ತಿಂಗಳಿಗೆ 31,000ದಿಂದ 37,000 ರೂಪಾಯಿಗೆ ಏರಿತು. ಎಸ್‌ಆರ್‌ಎಫ್ 42,000. ಪ್ರಧಾನಮಂತ್ರಿ ಸಂಶೋಧನಾ ಫೆಲೋಶಿಪ್ ಸಿಕ್ಕವರು 70,000ದಿಂದ ಆರಂಭಿಸುತ್ತಾರೆ, ಆದರೆ ಅದು ಕೆಲವರ ಭಾಗ್ಯ. ಮಷಿನ್ ಲರ್ನಿಂಗ್ ಬಲ್ಲ ಎಂಜಿನಿಯರಿಗೆ ಬೆಂಗಳೂರಿನ ಹೊರವರ್ತುಲ ರಸ್ತೆಯ ಕಂಪನಿಗಳು ಕೊಡುವುದಕ್ಕೆ ಇದನ್ನು ಹೋಲಿಸಿ ನೋಡಿದ ತಂದೆ-ತಾಯಿ ‘ಇನ್ನೂ ಓದುವುದೇನಿದೆ’ ಎಂದು ಕೇಳಿದರೆ ತಪ್ಪು ಹೊರಿಸುವಂತಿಲ್ಲ. ಸಿಇಟಿ ಸೀಟು ಹಂಚಿಕೆಯಲ್ಲಿ ಕಂಪ್ಯೂಟರ್ ಸೈನ್ಸ್ ಮೊದಲು ತುಂಬಿ, ಎಲೆಕ್ಟ್ರಿಕಲ್ ವಿಭಾಗ ಸರದಿಯ ಹಿಂದೆ ನಿಲ್ಲುವುದೂ ಇದೇ ಲೆಕ್ಕಾಚಾರದಿಂದ. ಎರಡೂ ವಿದ್ಯೆ ಒಂದೇ ತಲೆಯಲ್ಲಿ ಕೂಡಬೇಕಾದ ಹೊತ್ತಿನಲ್ಲಿ ಒಂದರ ಬೇರು ಒಣಗುತ್ತಿದೆ.

ಕರ್ನಾಟಕದ ಮಟ್ಟಿಗೆ ಇದು ದೂರದ ಸಮಾಚಾರವಲ್ಲ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತ ಕತ್ತಲಲ್ಲಿ ಮುಳುಗಿದಾಗ ಬೆಂಗಳೂರಿನ ದೀಪ ಆರಲಿಲ್ಲ. ಆಗ ದಕ್ಷಿಣದ ಗ್ರಿಡ್ ಉಳಿದ ದೇಶದೊಡನೆ ನೇರ ಪ್ರವಾಹದ ಕೊಂಡಿಗಳಿಂದ ಮಾತ್ರ ಸೇರಿಕೊಂಡಿತ್ತು, ಒಂದೇ ತಾಳಕ್ಕೆ ಬಿದ್ದಿರಲಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ 765 ಕೆ.ವಿ. ಮಾರ್ಗ ಜೀವ ಪಡೆದಾಗ ಇಡೀ ದೇಶ ಒಂದೇ ಫ್ರೀಕ್ವೆನ್ಸಿಗೆ ಬಂತು. ಅಂದಿನಿಂದ ಪಂಜಾಬಿನ ಸಬ್‌ಸ್ಟೇಷನ್ನಿನ ಸಂಕಟ ರಾಯಚೂರಿಗೂ ಮುಟ್ಟುತ್ತದೆ. ಫ್ರೀಕ್ವೆನ್ಸಿಯನ್ನು 49.90 ಮತ್ತು 50.05 ಹರ್ಟ್ಸ್ ನಡುವೆ ಹಿಡಿದಿಡುವ ಹೊಣೆಯಲ್ಲಿ ದಕ್ಷಿಣದ ಪಾಲನ್ನು ಹೊತ್ತ ಪ್ರಾದೇಶಿಕ ಲೋಡ್ ಡಿಸ್ಪ್ಯಾಚ್ ಸೆಂಟರ್ ಇರುವುದು ಬೆಂಗಳೂರಿನಲ್ಲೇ. ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ ಇರುವುದೂ ಇಲ್ಲೇ, ಭಾರತೀಯ ವಿಜ್ಞಾನ ಸಂಸ್ಥೆಗೆ ಕೂಗಳತೆಯಲ್ಲಿ.

ಪಾವಗಡದ ಸೌರ ಪಾರ್ಕು 13,000 ಎಕರೆಯಲ್ಲಿ 2,050 ಮೆಗಾವಾಟ್ ಹರಡಿಕೊಂಡಿದೆ. ಅದರ ಮೇಲೆ ಮೋಡವೊಂದು ಹಾದರೆ ಆ ನಷ್ಟವನ್ನು ಶರಾವತಿ ನೀರು ಬಿಟ್ಟು ತುಂಬಬೇಕು, ಇಲ್ಲವೇ ಹೊರಗಿನಿಂದ ಕೊಳ್ಳಬೇಕು. ದಿನವನ್ನು ಹದಿನೈದು ನಿಮಿಷಗಳ 96 ತುಂಡುಗಳಾಗಿ ಒಡೆದು, ಪ್ರತಿ ತುಂಡಿನಲ್ಲಿ ಎಷ್ಟು ಕೊಡುತ್ತೇವೆಂದು ಉತ್ಪಾದಕರು ಮೊದಲೇ ಬರೆದುಕೊಡಬೇಕು. ಅದಕ್ಕೆಂದು ರಾಜ್ಯದ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ 2015ರಲ್ಲೇ ನಿಯಮ ರೂಪಿಸಿತ್ತು. ಮಾತಿಗೂ ಉತ್ಪಾದನೆಗೂ ಶೇ 15ಕ್ಕಿಂತ ಹೆಚ್ಚು ಅಂತರ ಬಂದರೆ ದಂಡ ಎಂಬುದು ಅದರ ತಿರುಳು. ಮುನ್ಸೂಚನೆ ಎಂಬುದು ಹೀಗೆ ವಿಶ್ವವಿದ್ಯಾಲಯದ ಕೋಣೆಯಿಂದ ಹೊರಬಂದು ಕಂಪನಿಯ ಲಾಭ-ನಷ್ಟದ ಪುಸ್ತಕ ಸೇರಿತು. ಈ ಕೆಲಸವನ್ನೇ ಕಸುಬಾಗಿಸಿಕೊಂಡ ಸಂಸ್ಥೆಗಳು ಹುಟ್ಟಿಕೊಂಡು, ಪಿಎಚ್‌.ಡಿ ಮುಗಿಸಿದವರಿಗೆ ಪಾಠ ಹೇಳುವುದಲ್ಲದೆ ಬೇರೆ ದಾರಿಯೂ ತೆರೆಯಿತು.

ಆದರೆ ಇಲ್ಲಿನ ನಿಜವಾದ ಕಗ್ಗಂಟು ಬಿಸಿಲಿನದಲ್ಲ, ಬೇಡಿಕೆಯದು. ಯುರೋಪಿನ ಪ್ರಬಂಧಗಳು ಬೇಡಿಕೆ ಎಂದರೆ ಜನ ಬಳಸಿದಷ್ಟು ಎಂದು ಹಿಡಿಯುತ್ತವೆ. ನಮ್ಮಲ್ಲಿ ಮೀಟರ್ ತೋರಿಸುವುದು ಕೊಟ್ಟಷ್ಟನ್ನು. ಲೋಡ್ ಶೆಡ್ಡಿಂಗ್ ಆದ ಗಂಟೆಯಲ್ಲಿ ಫೀಡರಿನ ಗ್ರಾಫ್ ನೆಲಕ್ಕೆ ಬೀಳುತ್ತದೆ. ಅದನ್ನು ಹಾಗೇ ಮಾಡೆಲ್‌ಗೆ ತಿನ್ನಿಸಿದರೆ ಏಪ್ರಿಲ್ ಸಂಜೆ ಜನರಿಗೆ ಕರೆಂಟೇ ಬೇಡ ಎಂದು ಅದು ಕಲಿಯುತ್ತದೆ. ನೀರಾವರಿ ಪಂಪ್‌ಸೆಟ್ಟುಗಳದ್ದು ಇನ್ನೂ ಒಂದು ಕೈ ಮೇಲು. 10 ಎಚ್‌ಪಿ ವರೆಗೆ ಉಚಿತ, ಬಹುಪಾಲಿಗೆ ಮೀಟರೇ ಇಲ್ಲ. ತ್ರೀ ಫೇಸ್ ಯಾವ ಹೊತ್ತಿಗೆ ಬರುತ್ತದೆ ಎಂಬುದನ್ನು ವಿದ್ಯುತ್ ಸರಬರಾಜು ಕಂಪನಿ (ಎಸ್ಕಾಂ) ತೀರ್ಮಾನಿಸುತ್ತದೆ, ಬಂದ ಕೂಡಲೇ ಊರಿನ ಮೋಟಾರುಗಳೆಲ್ಲ ಒಟ್ಟಿಗೆ ಓಡತೊಡಗುತ್ತವೆ. ಕೃಷಿಗೆ ಕರೆಂಟನ್ನು ಹಗಲಿಗೆ ತಂದಂತೆಲ್ಲ ಪಾವಗಡದ ಬಿಸಿಲಿಗೆ ಗಿರಾಕಿ ಸಿಕ್ಕಿತು, ಹಳೆಯ ವರ್ಷಗಳ ದತ್ತಾಂಶ ಮಾತ್ರ ಮುಂದಿನ ವರ್ಷಕ್ಕೆ ಹೊಂದದಂತಾಯಿತು. ಇಲ್ಲಿ ಬೇಡಿಕೆಯನ್ನು ಊಹಿಸುವುದೆಂದರೆ ಮಳೆ, ಬೆಳೆ, ಅಂತರ್ಜಲದ ಆಳ ಮತ್ತು ಒಬ್ಬ ಕಾರ್ಯನಿರ್ವಾಹಕ ಎಂಜಿನಿಯರ್ ಬರೆದ ಸರದಿ ಪಟ್ಟಿಯನ್ನು ಒಟ್ಟಿಗೆ ಊಹಿಸುವುದು.

ಈ ‘ಅದುಮಿಟ್ಟ ಬೇಡಿಕೆ’ಯ ಅಂದಾಜಿಗೆ ಸಂಖ್ಯಾಶಾಸ್ತ್ರದಲ್ಲಿ ಸಲಕರಣೆಗಳಿವೆ. ಅರ್ಧಕ್ಕೆ ನಿಂತ ಚಿಕಿತ್ಸೆಯ ದಾಖಲೆಗಳಿಂದ ರೋಗಿಯ ಆಯುಷ್ಯ ಅಂದಾಜಿಸಲು ವೈದ್ಯಕೀಯ ಸಂಶೋಧಕರು ಬಳಸುವ ವಿಧಾನಗಳು ಅದರ ಹತ್ತಿರದ ನೆಂಟರು. ಅವನ್ನು ಒಂದು ಜೆಸ್ಕಾಂ ಫೀಡರಿಗೆ ಹೊಂದಿಸಲು ಬೇಕಾಗುವುದು ದೊಡ್ಡ ಕಂಪ್ಯೂಟರಲ್ಲ. ಸಬ್‌ಸ್ಟೇಷನ್ನಿನ ಲಾಗ್‌ಶೀಟ್ ನೋಡುವ ಅನುಮತಿ ಬೇಕು. ಯಾವ ಗಂಟೆಯಲ್ಲಿ ಕರೆಂಟ್ ತೆಗೆದದ್ದು, ಯಾವ ಗಂಟೆಯಲ್ಲಿ ತಾನಾಗಿ ಹೋದದ್ದು ಎಂದು ಬೇರ್ಪಡಿಸಿ ಹೇಳುವ ಲೈನ್‌ಮನ್ ಬೇಕು. ಅವನ ಜೊತೆ ಒಂದು ಬೇಸಿಗೆ ಕಳೆಯಲು ಸಿದ್ಧವಿರುವ ಸಂಶೋಧನಾ ವಿದ್ಯಾರ್ಥಿಯೂ ಬೇಕು.